ಆರಾದ ಮೇಲೆ ಮತ್ತೊಂದು

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಈಗ ಎಂಬತ್ತೊಂದು. ಐವತ್ತೇಳು ವರ್ಷದ ಹಿಂದಿನ ಮಾತು. ಹುಣಸೂರಿನಲ್ಲಿ ಒಬ್ಬ ಮೇಷ್ಟ್ರು ಕಡಲಿನ ಸಣ್ಣ ಹುಳವೊಂದಕ್ಕೆ ಹೊಸ ಕುಲ ಕಟ್ಟಿದರು. ಆ ಕುಲ ಒಂದು ವರ್ಷವೂ ನಿಲ್ಲಲಿಲ್ಲ. ಬಿದ್ದದ್ದು ನನ್ನ ಎಣಿಕೆಯಿಂದ. ಬರೆಯಿರಿ ಅಂತ ಯಾರೂ ನನ್ನನ್ನು ಕೇಳಿಲ್ಲ. ಆದರೆ ಗೊತ್ತಿದ್ದವರಲ್ಲಿ ಉಳಿದವಳು ನಾನೊಬ್ಬಳೇ.

ಮಹಾರಾಜರ ಕಾಲ. ಜರ್ಮನಿಯ ಎರಡನೇ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ, ಚಳಿಜ್ವರ ಹತ್ತಿಸಿಕೊಂಡು ಬಂದು, ಹನ್ನೊಂದು ದಿನ ಮಲಗಿ ಸತ್ತ. ಮಕ್ಕಳಿರಲಿಲ್ಲ. ಅಣ್ಣನ ಮನೆಗೆ ಬಂದೆ. ಮನೆ ಲಕ್ಷ್ಮಣತೀರ್ಥದ ದಡದಲ್ಲಿ, ನಾವು ಹೊಳೆಯಲ್ಲಿ ಮೀನು ಹಿಡಿಯುವ ಜನ. ಅತ್ತಿಗೆ ಕೆಟ್ಟವಳಲ್ಲ. ಆದರೆ ಕೂತು ಉಣ್ಣುವ ನಾದಿನಿಯನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳುತ್ತಾಳೆ? ಮೂರನೇ ತಿಂಗಳಿಗೆ ನಾನು ಒಬ್ಬ ಸಾಯಬರ ಒಣಮೀನಿನ ಕೊಟ್ಟಿಗೆಗೆ ಕೆಲಸಕ್ಕೆ ಸೇರಿದೆ.

ಮೀನು ಕಣ್ಣೂರಿನ ಕಡೆಯಿಂದ ಬರುತ್ತಿತ್ತು. ವಿರಾಜಪೇಟೆ ದಾಟಿ, ಪಿರಿಯಾಪಟ್ಟಣದಲ್ಲಿ ಒಂದು ರಾತ್ರಿ ನಿಂತು, ಗಾಡಿಯಲ್ಲಿ ಬರುವ ಹೊತ್ತಿಗೆ ಚಾಪೆಯ ಪಿಂಡಿಗಳಿಂದ ಉಪ್ಪುನೀರು ಸೋರಿ ಎತ್ತುಗಳ ಬಾಲವೆಲ್ಲ ಬಿಳಿಯಾಗಿರುತ್ತಿತ್ತು. ನಾವು ಐದು ಜನ ಹೆಂಗಸರು ಪಿಂಡಿ ಬಿಚ್ಚಿ, ಉಪ್ಪು ಕೊಡವಿ, ಮುರಿದದ್ದು ಬೇರೆ ಇಡಿಯದ್ದು ಬೇರೆ ಮಾಡಿ, ಬೆಟ್ಟದಪುರದ ಸಂತೆಗೆ ಇಷ್ಟು, ಅಂತರಸಂತೆಗೆ ಇಷ್ಟು ಅಂತ ಮತ್ತೆ ಕಟ್ಟುತ್ತಿದ್ದೆವು. ಬಂಗಡೆಯಾದರೆ ಬಾಯಿ ತೆರೆದು ನೋಡಬೇಕು. ಕೆಲವು ಮೀನಿನ ಬಾಯೊಳಗೆ, ನಾಲಗೆ ಇರಬೇಕಾದ ಕಡೆ, ಒಂದು ಹುಳ ಕೂತಿರುತ್ತದೆ. ಬೆನ್ನ ಮೇಲೆ ಪಟ್ಟಿ ಪಟ್ಟಿ, ಹೊಟ್ಟೆಯ ಕೆಳಗೆ ಕೊಕ್ಕೆಯಂಥ ಕಾಲು. ಬದುಕಿದ್ದಾಗ ಮೀನಿನ ರಕ್ತ ಕುಡಿದುಕೊಂಡು ಅಲ್ಲೇ ಇರುತ್ತದೆ, ಮೀನು ಸತ್ತರೆ ಅದರ ಜೊತೆಗೇ ಉಪ್ಪಿನಲ್ಲಿ ಸಾಯುತ್ತದೆ. ಅದನ್ನು ಕಂಡರೆ ಸಂತೆಯವರು ಮೀನು ಮುಟ್ಟುತ್ತಿರಲಿಲ್ಲ. ಅದಕ್ಕೆ ನಾವು ಉಗುರಿನಿಂದ ಕಿತ್ತು ಹಿತ್ತಲಿಗೆ ಎಸೆಯುತ್ತಿದ್ದೆವು, ಕೋಳಿ ತಿನ್ನುತ್ತಿದ್ದವು.

ನಾವು ಅದನ್ನು ಮೀನುಹೇನು ಅನ್ನುತ್ತಿದ್ದೆವು. ಅದರಲ್ಲೂ ಬಗೆ ಇತ್ತು. ನಾಲಗೆಯ ಮೇಲೆ ದಪ್ಪಗೆ ಕೂತದ್ದು ಯಜಮಾನಿ. ಹೊಟ್ಟೆಯಡಿ ಚೀಲದಲ್ಲಿ ಮೊಟ್ಟೆ ತುಂಬಿಕೊಂಡಿದ್ದರೆ ಬಸುರಿ. ಅವಳ ಹಿಂದೆ ಕಿವಿರಿನ ಮೂಲೆಯಲ್ಲಿ ಸಣ್ಣದೊಂದು ಮುದುರಿಕೊಂಡಿದ್ದರೆ ಅದು ಗಂಡು. ಕೊಟ್ಟಿಗೆಯ ಹೆಂಗಸರು ಅದಕ್ಕೆ ಮನೆಅಳಿಯ ಅಂತ ಹೆಸರಿಟ್ಟಿದ್ದರು.

ಮೇಷ್ಟ್ರು ಕೊಟ್ಟಿಗೆಗೆ ಬಂದ ದಿನ ಸಾಯಬರು ಹೆದರಿಬಿಟ್ಟರು. ಬಿಳಿ ಪಂಚೆ, ಕರಿ ಕೋಟು, ಹಣೆಯಲ್ಲಿ ನಾಮ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಗೋಡೆ ತಡವುತ್ತಿತ್ತು. ವಾಸನೆ ಬರುತ್ತದೆ ಅಂತ ದೂರು ಹೇಳಲು ಬಂದವರು ಅಂದುಕೊಂಡು ಸಾಯಬರು ಕುರ್ಚಿ ಹಾಕಿ ಕೈಮುಗಿದರು. ಅವರು ಕೂತುಕೊಂಡು ಕೇಳಿದ್ದು ಮೀನಿನ ಬಾಯಿಯ ಹುಳ ಸಿಗುತ್ತದೆಯೇ ಅಂತ. ಅವರು ಹೋದ ಮೇಲೆ ಸಾಯಬರು ನಮ್ಮ ಹತ್ತಿರ ಬಂದು, "ಮೀನು ಬೇಡ್ವಂತೆ ಕಣ್ರಮ್ಮ, ಹುಳ ಬೇಕಂತೆ. ದುನಿಯಾದಲ್ಲಿ ಎಂಥೆಂಥ ಗಿರಾಕಿ" ಅಂದರು. ಅವತ್ತಿನಿಂದ ಕೋಳಿಗಳಿಗೆ ಹುಳ ತಪ್ಪಿತು.

ಅವರು ಮೈಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಗಳ ವಿಚಾರ ಪಾಠ ಹೇಳುತ್ತಿದ್ದವರು. ಕಣ್ಣು ಮಂಜಾಗುತ್ತಾ ಬಂದು ಕೆಲಸ ಬಿಟ್ಟು, ಹುಣಸೂರಿನಲ್ಲಿ ವಿಧವೆ ಅಕ್ಕನ ಮನೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಕಣ್ಣಿನ ಡಾಕ್ಟರು ಇದು ಪೊರೆಯಲ್ಲ, ನರ ಒಣಗುತ್ತಿದೆ, ಕತ್ತಿ ಹಾಕಿದರೂ ಬರುವುದಿಲ್ಲ ಅಂದಿದ್ದರಂತೆ. ಮೊದಲೆಲ್ಲ ರಜೆ ಬಂದರೆ ಕಡಲ ದಂಡೆಗೆ ಹೋಗಿ ಮರಳು ಕೆದಕಿ ಹುಳ ಹಿಡಿಯುತ್ತಿದ್ದರು. ಈಗ ಹೋಗುವ ಹಾಗಿರಲಿಲ್ಲ. ಕಡಲೇ ಗಾಡಿ ಹತ್ತಿ ಹುಣಸೂರಿಗೆ ಬರುತ್ತದೆ ಅಂತ ಯಾರೋ ಹೇಳಿದ್ದರು.

ಒಂದು ದಿನ ನಾನು ಯಜಮಾನಿ, ಬಸುರಿ, ಮನೆಅಳಿಯ ಅಂತ ಬೇರೆ ಬೇರೆ ಎಲೆಯಲ್ಲಿ ಕಟ್ಟಿಕೊಟ್ಟದ್ದನ್ನು ಕಂಡು, ಇದನ್ನು ವಿಂಗಡಿಸಿದವರು ಯಾರು ಅಂತ ವಿಚಾರಿಸಿದರು. ಮಾರನೆಯ ವಾರದಿಂದ ನಾನು ಬೆಳಗಿನ ಹೊತ್ತು ಅವರ ಮನೆಗೆ ಹೋಗತೊಡಗಿದೆ. ಮುಂಬಾಗಿಲಿಂದಲ್ಲ, ಹಿತ್ತಿಲ ಬಾಗಿಲಿಂದ. ದನದ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಒಂದು ಮೇಜು, ಅದರ ಮೇಲೆ ಹಿತ್ತಾಳೆಯ ಮೈಕ್ರೋಸ್ಕೋಪು, ಸ್ಪಿರಿಟ್ ತುಂಬಿದ ಸಣ್ಣ ಸೀಸೆಗಳು. ಬಿಸಿಲು ಬೀಳುವಷ್ಟು ಹೊತ್ತು ಮಾತ್ರ ಕೆಲಸ, ಆಮೇಲೆ ಸಾಯಬರ ಕೊಟ್ಟಿಗೆ.

ಅವರ ಅಕ್ಕ ಕೆಂಪು ಸೀರೆಯ ಮಡಿ ಹೆಂಗಸು. ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದರು. ತಮ್ಮನಾದವನು ಹುಳ ಮುಟ್ಟಿದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಅಡಿಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ನನ್ನ ಎದುರಿಗೇ ಹೇಳುತ್ತಿದ್ದರು, "ಕಾಶಿ ನೋಡೋ ವಯಸ್ಸಿನಲ್ಲಿ ಮೀನಿನ ಬಾಯಿ ನೋಡ್ತಾ ಕೂತಿದಾನೆ ನಮ್ಮಪ್ಪ. ನೀನಾದ್ರೂ ಹೇಳೇ ಅವನಿಗೆ." ನಾನು ಏನು ಹೇಳಲಿ, ನನಗೆ ಕೂಲಿ ಸಿಗುತ್ತಿತ್ತು. ಆದರೆ ಸುಳ್ಳು ಹೇಳಬಾರದು, ನನಗೂ ಅಂಟಿಕೊಂಡುಬಿಟ್ಟಿತು ಆ ಕೆಲಸ. ಉಗುರಿನಷ್ಟು ಹುಳ ಆ ಕೊಳವೆಯೊಳಗೆ ಎಮ್ಮೆಯಷ್ಟು ಕಾಣುತ್ತಿತ್ತು. ರೋಮ ರೋಮವೂ ಕಾಣುತ್ತಿತ್ತು.

ಮೇಷ್ಟ್ರು ನನಗೆ ನೋಡುವುದನ್ನು ಕಲಿಸಿದರು. ಒಣಗಿ ಗರಿಗರಿಯಾದ ಹುಳವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ದಿನ ನೆನೆಸಬೇಕು, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಸೂಜಿಯಿಂದ ಮೆಲ್ಲಗೆ ಬಿಡಿಸಬೇಕು. ಹುರುಳಿಕಾಳಿಗಿಂತ ದೊಡ್ಡದು, ಅವರೇಕಾಳಿಗಿಂತ ಚಿಕ್ಕದು ಅಂದರೆ ಅವರು ಒಪ್ಪುತ್ತಿರಲಿಲ್ಲ, ಗೆರೆ ಎಳೆದ ಗಾಜಿನ ಮೇಲಿಟ್ಟು ಎಷ್ಟು ಗೆರೆ ಅಂತ ಹೇಳಬೇಕು. ತಲೆ ಚೂಪೋ ಮೊಂಡೋ, ಕಣ್ಣು ಎದ್ದಿದೆಯೋ ಒಳಗಿದೆಯೋ, ಮೀಸೆ ಉದ್ದವೋ ಮೋಟೋ, ಬಾಲದ ಹಲಗೆ ದುಂಡೋ ಚೌಕವೋ. ಮೊದಲು ಕಂಡದ್ದನ್ನು ಹೇಳು, ಅನ್ನಿಸಿದ್ದನ್ನು ಆಮೇಲೆ ಹೇಳು ಅನ್ನುತ್ತಿದ್ದರು. ಅವರಿಗೆ ದೊಡ್ಡ ಆಕಾರ ಹೊಗೆಯೊಳಗಿನ ಹಾಗೆ ಕಾಣುತ್ತಿತ್ತಂತೆ. ಬೆನ್ನಿನ ಪಟ್ಟಿಗಳನ್ನು ಹೇಗೋ ಅವರೇ ಎಣಿಸಿಕೊಳ್ಳುತ್ತಿದ್ದರು. ಕಾಲು, ಮೀಸೆ, ರೋಮ, ಇವು ನನ್ನ ಕಣ್ಣಿಗೆ ಬಿಟ್ಟದ್ದು.

ಒಂದೊಂದು ಹುಳಕ್ಕೂ ಎರಡು ಹೆಸರಂತೆ. ಮೊದಲನೆಯದು ಕುಲದ್ದು, ಎರಡನೆಯದು ಅದರದ್ದೇ. ಹೊಸ ಹುಳ ಕಂಡು ಇದ್ದ ಕುಲಕ್ಕೆ ಸೇರಿಸುವುದು ಎಷ್ಟೋ ಜನ ಮಾಡುತ್ತಾರೆ. ಯಾವ ಕುಲಕ್ಕೂ ಸೇರದ್ದು ಸಿಕ್ಕಿ, ಅದಕ್ಕೇ ಒಂದು ಕುಲ ಕಟ್ಟುವುದು ಅಪರೂಪ. ಇಪ್ಪತ್ತೆಂಟು ವರ್ಷ ಹುಳ ನೋಡಿದೆ, ಒಂದು ಕುಲ ಕಟ್ಟಲಿಲ್ಲ ಅಂತ ಅವರಿಗೆ ಕೊರಗು. ಕಣ್ಣು ಪೂರ್ತಿ ಹೋಗುವುದರೊಳಗೆ ಒಂದಾದರೂ ಆಗಬೇಕು ಅನ್ನುತ್ತಿದ್ದರು.

ನಾನು ಅಂದೆ, "ಕುಲ ಕಟ್ಟೋದು ಯಾಕೆ ಬುದ್ದಿ, ಇರೋ ಕುಲಗಳೇ ಸಾಲ್ದಾ?"

ಅವರು ನಕ್ಕರು. ಆ ಮನೆಯಲ್ಲಿ ನಗು ಕೇಳಿದ್ದು ಕಡಿಮೆ, ಅದಕ್ಕೆ ನೆನಪಿದೆ.

ಇನ್ನು ಎಣಿಕೆಯ ವಿಚಾರ. ನಾನು ಎಣಿಕೆ ಕಲಿತದ್ದು ಕಣದಲ್ಲಿ. ನನ್ನ ತಾಯಿಯ ತವರು ಮಿರ್ಲೆಯ ಹತ್ತಿರ, ಸುಗ್ಗಿಯಲ್ಲಿ ಅಜ್ಜಿಯ ಜೊತೆ ಕೂಲಿಗೆ ಹೋಗುತ್ತಿದ್ದೆ. ರಾಶಿಯನ್ನು ಕೊಳಗದಲ್ಲಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು, ಆರರ ತನಕ ಎಲ್ಲರ ಹಾಗೆ. ಏಳು ಅನ್ನುವುದಿಲ್ಲ. ಏಳು ಅಂದರೆ ಎದ್ದೇಳು ಅಂದ ಹಾಗೆ, ರಾಶಿಯೊಳಗೆ ಕೂತ ಲಕ್ಷ್ಮಿ ಎದ್ದು ಹೋಗುತ್ತಾಳೆ ಅಂತ ಅಜ್ಜಿ ಹೇಳುತ್ತಿದ್ದಳು. ಅದಕ್ಕೆ ಆರಾದ ಮೇಲೆ ಮತ್ತೊಂದು, ಅದಾದ ಮೇಲೆ ಎಂಟು. ಮಾತಿನಲ್ಲಿ ಏಳು ದಿನ, ಏಳು ಜನ ಅಂತ ಅನ್ನುತ್ತಿದ್ದೆವು. ಎದುರಿಗಿಟ್ಟುಕೊಂಡು ಒಂದೊಂದೇ ಮುಟ್ಟಿ ಎಣಿಸುವಾಗ ಮಾತ್ರ ಆ ಪದ ಬಾಯಿಗೆ ಬರುತ್ತಿರಲಿಲ್ಲ. ಸಾಯಬರ ಕೊಟ್ಟಿಗೆಯಲ್ಲೂ ಮೀನನ್ನು ಹಾಗೇ ಎಣಿಸುತ್ತಿದ್ದೆವು, ಸಾಯಬರೂ ಹಾಗೇ ಎಣಿಸುತ್ತಿದ್ದರು. ಹೀಗಲ್ಲದೆ ಬೇರೆ ಎಣಿಕೆ ಇದೆ ಅಂತ ನಾನು ಯೋಚಿಸಿದವಳೇ ಅಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಷ್ಟ್ರು ನನ್ನ ಕಣ್ಣು ಪರೀಕ್ಷೆ ಮಾಡಿದ್ದರು. ಗಾಜಿನ ಮೇಲೆ ಒಂದು ಇರುವೆ ಇಟ್ಟು ಕಾಲು ಎಣಿಸು ಅಂದರು. ಲಾಭ, ಎರಡು, ಮೂರು, ನಾಲ್ಕು, ಐದು, ಆರು ಅಂದೆ. ಲಾಭ ಅಂದರೆ ಒಂದು ತಾನೆ ಅಂತ ಕೇಳಿದರು, ಹೌದು ಅಂದೆ, ಚೆನ್ನಾಗಿದೆ ಅಂದರು. ಆಮೇಲೆ ಒಂದು ನೊಣ ಇಟ್ಟರು. ಅದಕ್ಕೂ ಆರು. ಸರಿ, ನಿನ್ನ ಕಣ್ಣು ನಂಬಬಹುದು ಅಂದರು. ಅವರು ಅವತ್ತು ಜಗಲಿಯ ಮೂಲೆಯಿಂದ ಒಂದು ಜೇಡ ಹಿಡಿದು ಇಟ್ಟಿದ್ದರೆ ನಾನು ಎಂಟರ ತನಕ ಹೋಗುತ್ತಿದ್ದೆ, ಎಲ್ಲ ಅಲ್ಲೇ ತಿಳಿದುಹೋಗುತ್ತಿತ್ತು. ಇಡಲಿಲ್ಲ. ಆಮೇಲೆ ಮಳೆಗಾಲದ ತನಕ ಬಂದದ್ದೆಲ್ಲ ಅವರಿಗೆ ಗೊತ್ತಿದ್ದ ಹುಳ, ಅವುಗಳ ಕಾಲು ಎಣಿಸು ಅನ್ನಲೇ ಇಲ್ಲ.

ಮಳೆಗಾಲ ಕಳೆದು ಗಾಡಿಗಳು ಮತ್ತೆ ಬರತೊಡಗಿದಾಗ ಒಂದು ಪಿಂಡಿಯಲ್ಲಿ ಬೇರೆ ಥರದ ಹುಳ ಸಿಕ್ಕಿದವು. ಸಣ್ಣವು, ತಲೆ ಮುಂದಕ್ಕೆ ಮೂರು ಮೂಲೆಯಾಗಿ ಚಾಚಿಕೊಂಡದ್ದು, ಬೆನ್ನು ಒಂದು ಕಡೆಗೆ ಓರೆ. ಹದಿನಾಲ್ಕು ಸಿಕ್ಕಿದವು. ನೆನೆಸಿ, ಮೂರನೇ ದಿನ ಬೆಳಿಗ್ಗೆ ಮೊದಲನೆಯದನ್ನು ಅಂಗಾತ ಮಲಗಿಸಿ ಒಂದು ಕಡೆಯ ಕಾಲುಗಳನ್ನು ಸೂಜಿಯಿಂದ ಬಿಡಿಸಿದೆ.

"ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು" ಅಂದೆ.

ಅವರು ಕಾಗದದಲ್ಲಿ ಗೀಚಿಕೊಂಡು, "ಸರಿ, ತೊಗೊ ಮತ್ತೊಂದು" ಅಂದರು. ನಾನು ಇನ್ನೊಂದು ಹುಳ ತೆಗೆದುಕೊಂಡೆ. ಅದಕ್ಕೂ ಹಾಗೇ ಎಣಿಸಿದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಅವರು ಕುರ್ಚಿಯಿಂದ ಎದ್ದು ನನ್ನ ಹಿಂದೆ ನಿಂತಿದ್ದರು.

"ಕಾಲು ಉದುರಿಹೋದ ಗುರುತು ಏನಾದ್ರೂ ಇದೆಯಾ ನೋಡು."

"ಇಲ್ಲ ಬುದ್ದಿ, ಎಲ್ಲಾ ಸರ್ಯಾಗವೆ."

"ಆ ಕಡೆಗೆ?"

"ಆ ಕಡೇನೂ ಅಷ್ಟೇಯ."

"ಮರಿಯಲ್ಲ ತಾನೆ? ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ?"

"ತುಂಬವೆ ಬುದ್ದಿ. ದಿನ ತುಂಬಿದ ಬಸುರಿ ಇದು."

ಅವರು ಹೋಗಿ ಕುರ್ಚಿಯಲ್ಲಿ ಕೂತರು. ಹದಿನಾಲ್ಕನ್ನೂ ಎಣಿಸಿಸಿದರು. ಹದಿನಾಲ್ಕಕ್ಕೂ ನಾನು ಆರು, ಮತ್ತೊಂದು ಅಂದೆ. ಅವರು ಆರು ಅಂತ ಬರೆದುಕೊಂಡರು. ಮತ್ತೊಂದು ಅನ್ನುವುದು ಅವರ ಕಿವಿಗೆ ಮುಂದಿನ ಹುಳ ಎತ್ತಿಕೊಳ್ಳುವ ಮಾತಾಗಿತ್ತು.

ಅದರಲ್ಲಿ ಏನು ಅಷ್ಟು ದೊಡ್ಡದು ಅನ್ನುವುದನ್ನು ಆಗ ನನಗೆ ಯಾರೂ ಹೇಳಲಿಲ್ಲ. ಈಗ ಹೇಳುತ್ತೇನೆ. ಇಂಥ ಹುಳಗಳಿಗೆಲ್ಲ ಬೆನ್ನಲ್ಲಿ ಏಳು ಪಟ್ಟಿ, ಕೆಳಗೆ ಏಳು ಜೊತೆ ಕಾಲು. ಮೊಟ್ಟೆಯಿಂದ ಹೊಸದಾಗಿ ಬಂದ ಮರಿಗೆ ಮಾತ್ರ ಆರು ಜೊತೆ, ಕೊನೆಯದು ಆಮೇಲೆ ಮೂಡುತ್ತದೆ. ಮೊಟ್ಟೆ ಹೊತ್ತ ತಾಯಿಗೇ ಆರು ಜೊತೆ ಇದ್ದರೆ ಅದು ಯಾವ ಕುಲಕ್ಕೂ ಸೇರದು. ಮೇಷ್ಟ್ರು ಇಪ್ಪತ್ತೆಂಟು ವರ್ಷ ಹುಡುಕಿದ್ದು ಅಂಥದ್ದನ್ನೇ.

ಅವತ್ತು ಮಧ್ಯಾಹ್ನ ಅಕ್ಕನಿಗೆ, "ಇದರ ಕಾಲು ಎಲ್ಲಕ್ಕಿಂತ ಕಡಮೆ ಕಣೇ ಅಕ್ಕ" ಅಂತ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಸಿಗಡಿಗಿಂತ ಕಡಿಮೆ ಅನ್ನುತ್ತಿದ್ದಾರೆ ಅಂದುಕೊಂಡೆ. ಸಿಗಡಿಗೆ ಬಹಳ ಕಾಲಿರುತ್ತವೆ.

ಬರೆಯುವ ಕೆಲಸ ನಾಲ್ಕು ತಿಂಗಳು ನಡೆಯಿತು. ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಊರಿನ ಶಾಲೆಯ ಒಬ್ಬ ಉಪಾಧ್ಯಾಯರು ಭಾನುವಾರ ಭಾನುವಾರ ಬರುತ್ತಿದ್ದರು. ಅವರು ಬೆಟ್ಟದಪುರದ ಕಡೆ ಒಕ್ಕಲುಮಕ್ಕಳು, ಓದಿ ಮೇಲೆ ಬಂದವರು. ಮೇಷ್ಟ್ರು ಕನ್ನಡದಲ್ಲಿ ನನ್ನನ್ನು ಕೇಳುವರು, ನಾನು ನೋಡಿ ಹೇಳುವೆ, ಅವರು ಇಂಗ್ಲಿಷ್ ಮಾಡಿ ಉಪಾಧ್ಯಾಯರಿಗೆ ಹೇಳುವರು. ಕಾಲಿನ ಎಣಿಕೆ ಮೊದಲೇ ಬರೆದಿಟ್ಟಿದ್ದರಿಂದ ಅದನ್ನು ಮತ್ತೆ ನನ್ನ ಬಾಯಲ್ಲಿ ಹೇಳಿಸಲಿಲ್ಲ. ಚಿತ್ರವನ್ನು ಅವರೇ ಬರೆದರು, ಕಾಗದಕ್ಕೆ ಮೂಗು ತಾಗುವ ಹಾಗೆ ಬಗ್ಗಿಕೊಂಡು. ಬೆನ್ನ ಕಡೆಯಿಂದ ಬರೆದದ್ದು, ಅದರಲ್ಲಿ ಕಾಲು ಕಾಣುವುದಿಲ್ಲ. ಚಿತ್ರ ಮುಗಿದ ತಿಂಗಳಿಗೆ ಅವರಿಗೆ ತಟ್ಟೆಯ ಅನ್ನವೂ ಕಾಣದ ಹಾಗಾಯಿತು.

ಕುಲಕ್ಕೆ ಒಂದು ಹೆಸರು ಕಟ್ಟಿದರು. ಅದು ನನ್ನ ನಾಲಗೆಗೆ ಬರುವುದಿಲ್ಲ. ಆರು ಕಾಲಿನದು ಅಂತ ಅರ್ಥವಂತೆ. ಎರಡನೆಯ ಹೆಸರಿಗೆ ಹುಣಸೂರನ್ನು ಸೇರಿಸಿದರು. ಕಡಲು ಕಾಣದ ಊರಿನ ಹೆಸರು ಕಡಲ ಹುಳಕ್ಕೆ. ಮದರಾಸಿನ ಕಡೆ ಅಚ್ಚಾಗುವ ಒಂದು ಪುಸ್ತಕದಲ್ಲಿ ಮುಂದಿನ ಮಳೆಗಾಲಕ್ಕೆ ಅದು ಬಂತು. ಪುಸ್ತಕ ಟಪಾಲಿನಲ್ಲಿ ಬಂದ ದಿನ ಮೇಷ್ಟ್ರು ಯಾವ ಪುಟ ಅಂತ ಉಪಾಧ್ಯಾಯರನ್ನು ಕೇಳಿ, ಆ ಪುಟದ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದರು. ಅಕ್ಕ ಸಜ್ಜಿಗೆ ಮಾಡಿದರು. ನನಗೂ ಮುತ್ತುಗದೆಲೆಯಲ್ಲಿ ಹಾಕಿ, ಮೆಟ್ಟಿಲ ಮೇಲಿಟ್ಟು ಹೋದರು.

ಹದಿನಾಲ್ಕರಲ್ಲಿ ಮೂರು ಹುಳವನ್ನು ವಿಲಾಯಿತಿಗೆ ಕಳಿಸಿದ್ದರು. ಅಲ್ಲಿ ಒಬ್ಬ ದೊರೆ ಜೀವಮಾನವೆಲ್ಲ ಇಂಥವನ್ನೇ ನೋಡಿದವನಂತೆ. ಕುಲ ಕಟ್ಟಿದವರು ಒಂದು ಹುಳವನ್ನು ಸಾಕ್ಷಿಯಾಗಿ ಎಲ್ಲಾದರೂ ಇಡಬೇಕು, ಯಾರು ಬೇಕಾದರೂ ಬಂದು ನೋಡುವ ಹಾಗೆ. ಅದು ಅವರ ನ್ಯಾಯ.

ಆ ದೊರೆಯ ಕಾಗದ ಬಂದದ್ದು ಅದರ ಮುಂದಿನ ಯುಗಾದಿ ಕಳೆದ ಮೇಲೆ, ಒಂದು ಶನಿವಾರ. ಭಾನುವಾರ ಉಪಾಧ್ಯಾಯರು ಬರುವ ತನಕ ಅದನ್ನು ಒಡೆಯದೆ ಮೇಷ್ಟ್ರು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಉಪಾಧ್ಯಾಯರು ಓದಿದರು. ಇಂಗ್ಲಿಷ್, ನನಗೆ ಗೊತ್ತಾಗಲಿಲ್ಲ. ಅವರ ಧ್ವನಿ ನಡುವೆ ಸಣ್ಣದಾಯಿತು, ಅಷ್ಟು ಗೊತ್ತಾಯಿತು. ಮುಗಿದ ಮೇಲೆ ಮೇಷ್ಟ್ರು ಮತ್ತೊಮ್ಮೆ ಓದಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಉಳಿದ ಹನ್ನೊಂದರ ಸೀಸೆ ತಾ ಅಂದರು.

ಒಂದನ್ನು ತೆಗೆದು ಗಾಜಿನ ಮೇಲಿಟ್ಟೆ.

"ಕಾಲು ಎಣಿಸು. ಜೋರಾಗಿ."

ಎಣಿಸಿದೆ. ಮತ್ತೊಂದು ಅಂತ ಹೇಳಿ ನಿಲ್ಲಿಸಿದೆ.

"ಮತ್ತೊಂದು ಹುಳ ಬೇಡ. ಇದನ್ನೇ ಮುಗಿಸು" ಅಂದರು.

"ಮುಗೀತಲ್ಲ ಬುದ್ದಿ."

"ಆರಕ್ಕೆ ಮುಗೀತಾ?"

"ಆರಕ್ಕೆಲ್ಲಿ ಮುಗೀತದೆ? ಆರು, ಆಮ್ಯಾಕೆ ಮತ್ತೊಂದು."

ಮೊದಲು ಅರ್ಥವಾದದ್ದು ಉಪಾಧ್ಯಾಯರಿಗೆ. ಅವರು ಕಣದ ಮನೆಯಲ್ಲಿ ಹುಟ್ಟಿದವರಲ್ಲವೇ. ಕೈಯಲ್ಲಿದ್ದ ಕಾಗದ ಕೆಳಗಿಟ್ಟು, "ಸಾರ್, ಇದು ರಾಶಿ ಅಳೆಯೋ ಎಣಿಕೆ. ಇವರು ಏಳು ಅನ್ನೋದಿಲ್ಲ, ಮತ್ತೊಂದು ಅಂತಾರೆ" ಅಂದರು.

ಮೇಷ್ಟ್ರು ಕೈ ಚಾಚಿ ಗಾಜಿನ ಮೇಲಿನ ಹುಳವನ್ನು ತಡವಿದರು. ಆಮೇಲೆ ನನ್ನನ್ನು ಕೇಳಿದರು, "ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಅಂದೆ.

ಅದು ನಿಜ. ಆದರೆ ಆ ಮುಖ ನೋಡಿ ಹೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಉಪಾಧ್ಯಾಯರು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮೂರು ಹುಳಕ್ಕೂ ಏಳು ಜೊತೆ ಕಾಲಿವೆ, ಈ ಹುಳದ ಕುಲ ನೂರು ವರ್ಷದ ಹಿಂದೆಯೇ ಕಟ್ಟಿದ್ದು, ತಾವು ಇನ್ನೊಮ್ಮೆ ನೋಡಬೇಕು ಅಂತ ದೊರೆ ಬರೆದಿದ್ದ. ಇಷ್ಟು ಅನುಭವದ ಕಣ್ಣಿಗೆ ಹೀಗೇಕೆ ಕಂಡಿತೋ ತಿಳಿಯದು, ಕಾಲುಗಳನ್ನು ತಾವೇ ಎಣಿಸಿದ್ದೋ ಅಂತ ಕೊನೆಯಲ್ಲಿ ಕೇಳಿದ್ದ. ಮರ್ಯಾದೆಯಿಂದಲೇ ಕೇಳಿದ್ದ. ಆದರೆ ಅಚ್ಚಾದ ಪುಸ್ತಕದಲ್ಲಿ ಮೇಷ್ಟ್ರು ಎಲ್ಲವನ್ನೂ ತಾನೇ ನೋಡಿ ಬರೆದೆ ಅಂತ ಬರೆಸಿದ್ದರು. ಕಣ್ಣು ಹೋಗಿದೆ ಅಂತಲೂ ಬರೆಸಿರಲಿಲ್ಲ, ಒಬ್ಬ ಹೆಂಗಸು ನೋಡಿ ಹೇಳಿದಳು ಅಂತಲೂ ಬರೆಸಿರಲಿಲ್ಲ.

ಈಗ ಏನು ಬರೆಯುವುದು ಅನ್ನುವುದು ಪ್ರಶ್ನೆಯಾಯಿತು. ಉಪಾಧ್ಯಾಯರು ಪೆನ್ನು ಹಿಡಿದು ಕಾಯುತ್ತಿದ್ದರು.

ನಾನೇ ಹೇಳಿದೆ, "ನನ್ ಹೆಸ್ರು ಹಾಕಿ ಬುದ್ದಿ. ಮೀನು ಆರಿಸೋಳು ತಪ್ಪು ಎ‌ಣಿಸಿದ್ಲು ಅಂತ ಬರೀರಿ. ನಂಗೇನಾಯ್ತದೆ? ಆ ದೊರೆ ಹುಣಸೂರಿಗೆ ಬಂದು ಹೊಡ್ದಾನಾ?"

ಮೇಷ್ಟ್ರ ತುಟಿ ಸ್ವಲ್ಪ ಅಲ್ಲಾಡಿತು. "ನೀನು ತಪ್ಪು ಎಣಿಸಲಿಲ್ಲವಲ್ಲಮ್ಮ" ಅಂದರು. "ನೀನು ಸರಿಯಾಗೇ ಎಣಿಸಿದೆ."

ಒಳಗಿನಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದರು. ಮೂಗಿನ ಮೇಲೆ ಸೆರಗು ಇರಲಿಲ್ಲ. "ಹೋಗಲಿ ಬಿಡೋ. ತಪ್ಪು ಅಂತ ಬರೆದುಬಿಡು. ಹೆಸರು ಅಳಿಸಿಹಾಕ್ತಾರೆ, ಮುಗೀತು. ಒಂದು ಹುಳದ್ದು ತಾನೆ" ಅಂದರು.

"ಅಳಿಸೋದಿಲ್ಲ ಅಕ್ಕ. ಒಂದು ಸಲ ಅಚ್ಚಾದ ಹೆಸರನ್ನ ಅಳಿಸೋ ಪದ್ಧತಿ ಇಲ್ಲ. ನಿಜವಾದ ಹೆಸರಿನ ಕೆಳಗೆ ಇದನ್ನೂ ಬರೆದು, ಇದು ಇಂಥವನು ಮಾಡಿದ ತಪ್ಪು ಅಂತ ಇಡ್ತಾರೆ. ಆ ಹುಳದ ವಿಚಾರ ಯಾರೇ ಬರೆದರೂ ಮತ್ತೆ ಮತ್ತೆ ಬರೀತಾರೆ. ನಾನು ಸತ್ತ ಮೇಲೂ."

ಅಕ್ಕ ಒಳಗೆ ಹೋದರು. ಬಾವಿಯ ರಾಟೆ ತಿರುಗುವ ಸದ್ದು ಕೇಳಿತು. ಅವರಿಗೆ ಅಳು ಬಂದರೆ ನೀರು ಸೇದುತ್ತಿದ್ದರು.

ಮೇಷ್ಟ್ರು ನಾಲ್ಕೇ ಸಾಲು ಹೇಳಿ ಬರೆಸಿದರು. ಎಲ್ಲಿ ಸಹಿ ಹಾಕಬೇಕು ಅಂತ ಉಪಾಧ್ಯಾಯರು ಅವರ ಬೆರಳು ಹಿಡಿದು ತೋರಿಸಿದರು. ಹಿತ್ತಿಲ ಬಾಗಿಲ ಹತ್ತಿರ ನಾನು ಏನು ಬರೆಸಿದರು ಅಂತ ಕೇಳಿದೆ. ಕಾಲುಗಳನ್ನು ನಾನೇ ಎಣಿಸಿದೆ, ತಪ್ಪು ನನ್ನದು, ಕುಲವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಅಂತ ಬರೆಸಿದರಂತೆ. "ನಿನ್ನನ್ನ ಕಾಪಾಡಿದ್ರು ಕಣಮ್ಮ, ದೊಡ್ಡ ಮನುಷ್ಯರು" ಅಂದರು ಉಪಾಧ್ಯಾಯರು.

ನನಗೆ ಹಾಗೆ ಅನ್ನಿಸಲಿಲ್ಲ. ನನ್ನನ್ನು ಕಾಪಾಡುವುದಕ್ಕೆ ಏನಿತ್ತು? ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ವಾಸಿ ಅಂತ ಕಂಡಿತು ಅವರಿಗೆ. ಕಣ್ಣಿಲ್ಲದೆ ಬರೆದವನು ಅಂತ ತಿಳಿದರೆ ಅವರು ಮೊದಲು ಬರೆದದ್ದನ್ನೂ ಜನ ನಂಬುವುದಿಲ್ಲ. ಅದನ್ನು ಉಳಿಸಿಕೊಂಡರು. ತಪ್ಪೇನಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ದೊಡ್ಡತನ ಅಂತ ನಾನು ಬರೆಯುವುದಿಲ್ಲ. ಆ ಕಾಗದದಲ್ಲಿ ನಾನು ಇರಲಿಲ್ಲ. ಸರಿಯಾಗಿ ಎಣಿಸಿದ್ದಕ್ಕೂ ಇರಲಿಲ್ಲ.

ಮೇಜು ಒರೆಸಿ, ಸೂಜಿಗಳನ್ನು ಡಬ್ಬಿಗೆ ಹಾಕಿ, ಹೊರಡಲು ಎದ್ದೆ. ಅವರು ಕರೆದರು. ಮುಖ ಬೇರೆ ಕಡೆಗಿತ್ತು, ನಾನು ಎಲ್ಲಿ ನಿಂತಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ.

"ಇನ್ನು ಬರಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ನೋಡೋಕೆ ಇನ್ನೇನೂ ಉಳಿದಿಲ್ಲ."

"ಆಯ್ತು ಬುದ್ದಿ" ಅಂದೆ.

ಅವರು ಅದಾದ ಮೇಲೆ ನಾಲ್ಕು ವರ್ಷ ಇದ್ದರು. ಬೆಳಗಿನ ಬಿಸಿಲಿನಲ್ಲಿ ಮುಂಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಬುಟ್ಟಿ ಹೊತ್ತು ಆ ಬೀದಿಯಲ್ಲಿ ಹೋಗುತ್ತಿದ್ದೆ. ವಾಸನೆಗೆ ತಲೆ ಎತ್ತುತ್ತಿದ್ದರು. ಒಂದು ಸಲವೂ ನಾನು ಮಾತಾಡಿಸಲಿಲ್ಲ. ಮಾತಾಡಿಸಬಹುದಿತ್ತು. ಹೆಜ್ಜೆ ನಿಲ್ಲಿಸಲಿಲ್ಲ.

ಆ ಭಾನುವಾರ ಮನೆಗೆ ಹೋದಾಗ ಅತ್ತಿಗೆ, ಯಾಕೆ ಮೋರೆ ಹಾಗಿದೆ ಅಂತ ಕೇಳಿದಳು. ಮೇಷ್ಟ್ರ ಮನೆಯ ಕೆಲಸ ಹೋಯಿತು ಅಂದೆ. ಕದ್ದು ಸಿಕ್ಕಿಬಿದ್ದೆಯಾ ಅಂದಳು. ಇಲ್ಲ ಅಂದೆ. ಮತ್ತೆ ಯಾಕೆ ಅಂದಳು. ಹೇಳಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಹೊಳೆಗೆ ಹೋಗಿ ಕೈ ತೊಳೆದುಕೊಂಡೆ. ಸ್ಪಿರಿಟ್ ವಾಸನೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಸಾಯಬರ ಕೊಟ್ಟಿಗೆಗೆ ಹೋಗಿ ನಿಂತೆ. ಸಾಯಬರು ಏನೂ ಕೇಳಲಿಲ್ಲ, ಕಾಲಿನಿಂದ ಒಂದು ಪಿಂಡಿಯನ್ನು ನನ್ನ ಕಡೆ ತಳ್ಳಿದರು. ಬಂಗಡೆ. ಬಿಚ್ಚಿ, ಉಪ್ಪು ಕೊಡವಿ, ಮುರಿದದ್ದನ್ನು ಎಡಕ್ಕೂ ಇಡಿಯದ್ದನ್ನು ಬಲಕ್ಕೂ ಹಾಕತೊಡಗಿದೆ. ಅವತ್ತು ಒಂದು ಮೀನಿನ ಬಾಯನ್ನೂ ತೆರೆಯಲಿಲ್ಲ.